ಹಳೆಯ ಪ್ರೋಗ್ರಾಮು, ಹೊಸ ಕಂಪ್ಯೂಟರು



ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿಯು 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಕೊನೆಗೊಂಡ ತರುವಾಯ, ಮಾರಾಟದ ಲೆಕ್ಕ ಇಡುವ ಹೊಣೆ ಬೆಳೆಗಾರನ ಮೇಲೂ ಅವನ ಸಂಘದ ಮೇಲೂ ಬಿದ್ದಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕಂಪ್ಯೂಟರೂ ನಮ್ಮ ಕಡೆಯ ಕಚೇರಿಗಳಿಗೆ ಬರತೊಡಗಿತು. ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ಷೇರು ಖಾತೆ, ಬೆಳೆ ಸಾಲ, ಅಡಿಕೆ ಮಾರಾಟದ ಪಟ್ಟಿ ಇವುಗಳಿಗಾಗಿ ಪರಿಚಯದ ಹುಡುಗರಾರೋ ಬರೆದುಕೊಟ್ಟ ಪ್ರೋಗ್ರಾಮುಗಳು ಕೆಲವು ತೋಟದ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಈಗ ಅವುಗಳನ್ನು ಓಡಿಸುತ್ತಿದ್ದ ಯಂತ್ರಕ್ಕೆ ಮುಪ್ಪು ಬಂದಿದೆ. ಹೊಸ ಯಂತ್ರ ತಂದು ಫೈಲುಗಳನ್ನು ನಕಲು ಮಾಡಿದರೆ, ಈ ಪ್ರೋಗ್ರಾಮು ಇಲ್ಲಿ ಓಡಲಾರದು ಎಂಬರ್ಥದ ಒಕ್ಕಣೆ ತೆರೆಯ ಮೇಲೆ ಮೂಡುತ್ತದೆ. ಅಂಗಡಿಯವರು ‘ಹಳೆಯದನ್ನು ಬಿಟ್ಟುಬಿಡಿ’ ಎನ್ನುತ್ತಾರೆ.

ಬಿಡುವುದು ಸುಲಭವಲ್ಲ. ತಂದೆಯ ಹೆಸರಿನ ಷೇರನ್ನು ಮಗನ ಹೆಸರಿಗೆ ವರ್ಗಾಯಿಸಬೇಕಾದಾಗ, ತೀರಿದ ಸಾಲಕ್ಕೆ ಪುನಃ ಬಾಕಿಯ ನೋಟೀಸು ಬಂದಾಗ, ಇಪ್ಪತ್ತೈದು ವರ್ಷದ ಹಿಂದಿನ ಒಂದು ಸಾಲಿನ ನಮೂದೇ ಸಣ್ಣ ಬೆಳೆಗಾರನಿಗೆ ಇರುವ ಆಧಾರ. ಆದುದರಿಂದ ಹಳೆಯ ಪ್ರೋಗ್ರಾಮನ್ನು ಹೊಸ ಯಂತ್ರದಲ್ಲಿ ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದೆ.

ಓಡದಿರಲು ಕಾರಣವೇನು?

ಪ್ರೋಗ್ರಾಮು ಅಡಿಕೆಯಂತೆ ಮುಗ್ಗುವ ವಸ್ತುವಲ್ಲ. ಅದರ ಅಕ್ಷರವೊಂದೂ ಬದಲಾಗಿರುವುದಿಲ್ಲ. ಬದಲಾದದ್ದು ಅದರ ಕೆಳಗಿನ ನೆಲ. 1981ರಲ್ಲಿ ಬಂದ ಡಾಸ್ ವ್ಯವಸ್ಥೆಯ ಪ್ರೋಗ್ರಾಮುಗಳು 16 ಬಿಟ್‌ನವು. 1985ರಲ್ಲಿ ಇಂಟೆಲ್ ಸಂಸ್ಥೆ ತಂದ 80386 ಎಂಬ ಪ್ರೊಸೆಸರಿನಲ್ಲಿ, ಹಳೆಯ ಪ್ರೋಗ್ರಾಮುಗಳನ್ನು ತನ್ನೊಳಗೇ ಬೇರೆ ಕೋಣೆಯಲ್ಲಿ ಕೂರಿಸಿ ಓಡಿಸುವ ಏರ್ಪಾಡಿತ್ತು. ಇದರ ಬಲದಿಂದ ವಿಂಡೋಸ್ 95, 98, ಎಕ್ಸ್‌ಪಿ ಇವುಗಳಲ್ಲಿ ನಮ್ಮ ಲೆಕ್ಕ ಸರಾಗವಾಗಿ ನಡೆಯಿತು. 2003ರಲ್ಲಿ ಎಎಂಡಿ ಸಂಸ್ಥೆಯ 64 ಬಿಟ್ ಪ್ರೊಸೆಸರು ಬಂದಿತು. ಈ ಬಗೆಯ ಪ್ರೊಸೆಸರು 64 ಬಿಟ್ ಕ್ರಮದಲ್ಲಿ ನಡೆಯುವಾಗ ಮೇಲೆ ಹೇಳಿದ ಕೋಣೆ ಲಭ್ಯವಿರುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಮಿಗೆ ಜಾಗ ಇಡಲೂ ಇಲ್ಲ. ವಿಂಡೋಸ್ 10ರವರೆಗೆ 32 ಬಿಟ್‌ನ ಆವೃತ್ತಿಯೂ ದೊರೆಯುತ್ತಿದ್ದುದರಿಂದ ಕೆಲವರು ಪಾರಾದರು. 2021ರ ವಿಂಡೋಸ್ 11 ಕೇವಲ 64 ಬಿಟ್‌ನದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು.

ಕಸಿಯ ಉಪಾಯ

ಜೌಗು ತೋಟದಲ್ಲಿ ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ತುತ್ತಾಗುವುದೆಂದು, ಬ್ರೆಜಿಲ್ ಮೂಲದ ಹಿಪ್ಪಲಿಯ ಬುಡಕ್ಕೆ ನಮ್ಮ ಊರಿನ ಮೆಣಸಿನ ಕುಡಿಯನ್ನು ಕಸಿ ಮಾಡುವ ಕ್ರಮ ನಮಗೆಲ್ಲ ತಿಳಿದದ್ದೇ. ಕುಡಿಯೂ ಕಾಳೂ ಹಳೆಯವೇ. ಬೇರು ಮಾತ್ರ ಆ ನೆಲಕ್ಕೆ ಒಗ್ಗುವಂಥದು. ಕಂಪ್ಯೂಟರಿನಲ್ಲಿ ಈ ಬೇರಿನ ಕೆಲಸ ಮಾಡುವ ಪ್ರೋಗ್ರಾಮಿಗೆ ಎಮ್ಯುಲೇಟರು ಎಂದು ಹೆಸರು. ಅದು ಹೊಸ ಯಂತ್ರದೊಳಗೆ ಹಳೆಯ ಯಂತ್ರವೊಂದನ್ನು ಅನುಕರಿಸಿ ತೋರಿಸುತ್ತದೆ. 2002ರಿಂದ ಉಚಿತವಾಗಿ ದೊರೆಯುತ್ತಿರುವ ಡಾಸ್‌ಬಾಕ್ಸ್ ಇವುಗಳಲ್ಲಿ ಹೆಸರಾದದ್ದು. ಆದರೆ ಅದನ್ನು ಆಟಗಳಿಗೆಂದು ರಚಿಸಿದ್ದು; ಮುದ್ರಣದ ಅನುಕೂಲ ಅದರಲ್ಲಿಲ್ಲ. ಅದರಿಂದ ಕವಲೊಡೆದ ಡಾಸ್‌ಬಾಕ್ಸ್-ಎಕ್ಸ್ ಎಂಬುದರಲ್ಲಿಯೂ, ಕಚೇರಿ ಕೆಲಸಕ್ಕೆಂದೇ ರೂಪಿಸಿದ ವಿಡಾಸ್ ಎಂಬುದರಲ್ಲಿಯೂ ಪ್ರಿಂಟರಿನ ಏರ್ಪಾಡಿದೆ. ಲೆಕ್ಕಪತ್ರಕ್ಕೆ ಇವೆರಡೇ ಮೇಲು.

ಡಾಸ್ ಕಾಲದ ಬಹುಪಾಲು ಪ್ರೋಗ್ರಾಮುಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಅವು ಎತ್ತಿಟ್ಟಲ್ಲಿ ಉರಿಯುವ ಒಲೆಯಂತೆ. ಗಾರೆ ಹಾಕಿ ಕೂರಿಸಿದವಲ್ಲ. ಪ್ರೋಗ್ರಾಮು, ಲೆಕ್ಕದ ಫೈಲು ಎಲ್ಲವೂ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಆ ಫೋಲ್ಡರನ್ನು ಎತ್ತಿಕೊಂಡರೆ ಎಲ್ಲವನ್ನೂ ಎತ್ತಿಕೊಂಡಂತೆ. ಇಂಥವಕ್ಕೆ ಪೋರ್ಟಬಲ್ ಎನ್ನುತ್ತಾರೆ. ಮುದ್ರಿತ ಬೀಗದ ಫ್ಲಾಪಿಯನ್ನೋ ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಬೀಗವನ್ನೋ ಕೇಳುವ ಪ್ರೋಗ್ರಾಮುಗಳು ಮಾತ್ರ ಈ ಮಾತಿಗೆ ಹೊರತು. ಅವುಗಳಿಗೆ ಮಾರಿದವರನ್ನೇ ವಿಚಾರಿಸಬೇಕು.

ಅನುಸರಿಸಬೇಕಾದ ಕ್ರಮ

1. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿರಿ. ಒಂದನ್ನು ಮುಟ್ಟದೆ ಬೇರೆ ಮನೆಯಲ್ಲಿಡಿರಿ. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದ ಫ್ಲಾಪಿಗಳಿದ್ದರೆ ಅವುಗಳ ನಕಲಿಗೆ ಮೊದಲ ಸರದಿ.

2. ಹೊಸ ಯಂತ್ರದಲ್ಲಿ ಈ ಫೋಲ್ಡರನ್ನು ಪ್ರತ್ಯೇಕವಾಗಿ ಇರಿಸಿ. ಹೆಸರು ಎಂಟು ಅಕ್ಷರ ಮೀರದಿರಲಿ, ನಡುವೆ ತೆರಪಿರದಿರಲಿ. ಡಾಸ್ ಅದಕ್ಕಿಂತ ಉದ್ದದ ಹೆಸರನ್ನು ಅರಿಯದು.

3. ಎಮ್ಯುಲೇಟರಿಗೆ ಈ ಒಂದು ಫೋಲ್ಡರನ್ನು ಮಾತ್ರ ಸಿ ಡ್ರೈವ್ ಎಂದು ತೋರಿಸಬೇಕು. ಇಡೀ ಡಿಸ್ಕನ್ನು ಒಪ್ಪಿಸಕೂಡದು. ಬರೆದ ಲೆಕ್ಕವೆಲ್ಲ ಇದೇ ಫೋಲ್ಡರಿಗೆ ಬಂದು ಸೇರುವುದರಿಂದ, ದಿನದ ಕೊನೆಗೆ ಇದನ್ನೊಂದನ್ನು ನಕಲು ಮಾಡಿದರೆ ಸಾಕು.

4. ಕೆಲವು ಪ್ರೋಗ್ರಾಮುಗಳು ತೆರೆದ ಕೂಡಲೇ ‘ರನ್‌ಟೈಮ್ ಎರರ್ 200’ ಎಂದು ನಿಲ್ಲುತ್ತವೆ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮು ಮೊದಲು ಯಂತ್ರದ ವೇಗವನ್ನು ಅಳೆಯುತ್ತಿತ್ತು. ಇಂದಿನ ವೇಗ ಅದರ ಅಳತೆಗೋಲಿಗೆ ಮೀರಿದ್ದು. ಆಗ ವೇಗವನ್ನು ತಗ್ಗಿಸಬೇಕು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಕೀಲಿಯೊಡನೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ.

5. ಪ್ರೋಗ್ರಾಮಿನ ಒಳಗಿನಿಂದಲೇ ‘ಎಕ್ಸಿಟ್’ ಕೊಟ್ಟು ಹೊರಬರಬೇಕು. ಕಿಟಕಿಯ ಮೂಲೆಯ ಗುಣಾಕಾರದ ಗುರುತನ್ನು ಒತ್ತಿ ಮುಚ್ಚಿದರೆ ಕೊನೆಯ ನಮೂದುಗಳು ಡಿಸ್ಕಿಗೆ ಇಳಿಯದೆ ಹೋಗಬಹುದು. ಎರಡು ಯಂತ್ರಗಳಿಂದ ಒಂದೇ ಲೆಕ್ಕವನ್ನು ಏಕಕಾಲದಲ್ಲಿ ತೆರೆಯುವುದೂ ಅಪಾಯಕರ.

6. ಒಂದು ತಿಂಗಳು ಎರಡೂ ಯಂತ್ರಗಳಲ್ಲಿ ಒಂದೇ ಲೆಕ್ಕ ಬರೆಯಿರಿ. ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸನ್ನೂ ಪ್ರತಿ ಖಾತೆಯ ಬಾಕಿಯನ್ನೂ ಪೈಸೆಗೆ ಪೈಸೆ ಹೋಲಿಸಿರಿ. ತಾಳೆಯಾದ ಮೇಲೆಯೇ ಹಳೆಯ ಯಂತ್ರಕ್ಕೆ ವಿಶ್ರಾಂತಿ.

ವಿಂಡೋಸ್ ಕಾಲದ ಪ್ರೋಗ್ರಾಮುಗಳು

1995ರ ನಂತರ ಬಂದ 32 ಬಿಟ್ ಪ್ರೋಗ್ರಾಮುಗಳು ಸಾಮಾನ್ಯವಾಗಿ ಹೊಸ ವಿಂಡೋಸ್‌ನಲ್ಲಿಯೂ ಓಡುತ್ತವೆ. ಆದರೆ ಅಲ್ಲಿ ಬೇರೊಂದು ತೊಡಕಿದೆ. ಇವುಗಳಲ್ಲಿ ಅನೇಕವು ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರಿನಲ್ಲಿ ಕುಳಿತು, ಲೆಕ್ಕವನ್ನೂ ಅಲ್ಲಿಯೇ ಬರೆಯುತ್ತಿದ್ದವು. ವಿಂಡೋಸ್ ವಿಸ್ತಾ ಬಂದಂದಿನಿಂದ ಆ ಜಾಗಕ್ಕೆ ಕಾವಲಿದೆ. ಸಾಮಾನ್ಯ ಬಳಕೆದಾರನು ಅಲ್ಲಿಗೆ ಬರೆದ ಫೈಲನ್ನು ವಿಂಡೋಸ್ ಸದ್ದಿಲ್ಲದೆ ಆತನ ಸ್ವಂತ ಖಾತೆಯ ‘ವರ್ಚುವಲ್ ಸ್ಟೋರ್’ ಎಂಬ ಮರೆಯ ಕಣಜಕ್ಕೆ ಸಾಗಿಸುತ್ತದೆ. ಪರಿಣಾಮವಾಗಿ ಒಬ್ಬ ಗುಮಾಸ್ತ ಬರೆದ ಲೆಕ್ಕ ಇನ್ನೊಬ್ಬನ ಖಾತೆಯಲ್ಲಿ ಕಾಣುವುದಿಲ್ಲ. ಪ್ರೋಗ್ರಾಮಿನ ಫೋಲ್ಡರನ್ನು ನಕಲು ಮಾಡಿಕೊಂಡವರಿಗೆ ಸಿಗುವುದು ವರ್ಷಗಳ ಹಿಂದಿನ ಹಳೆಯ ಲೆಕ್ಕ. ಯಂತ್ರ ಬದಲಿಸುವ ಮುನ್ನ ಈ ಕಣಜವನ್ನು ತಪ್ಪದೆ ಹುಡುಕಿ ನೋಡಬೇಕು. ಹೊಸ ಯಂತ್ರದಲ್ಲಿ ಇಂಥ ಪ್ರೋಗ್ರಾಮನ್ನು ಡಿ ಡ್ರೈವ್‌ನ ಪ್ರತ್ಯೇಕ ಫೋಲ್ಡರಿನಲ್ಲಿ ಇಟ್ಟರೆ ಈ ತೊಡಕು ತಪ್ಪುತ್ತದೆ.

ಎಕ್ಸ್‌ಪಿಯನ್ನೇ ಬಯಸುವ ಪ್ರೋಗ್ರಾಮಿದ್ದರೆ, ವರ್ಚುವಲ್ ಬಾಕ್ಸ್ ಮುಂತಾದವುಗಳೊಳಗೆ ಲೈಸೆನ್ಸ್ ಇರುವ ಎಕ್ಸ್‌ಪಿಯನ್ನು ಹೂಡಿ ಓಡಿಸಬಹುದು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲಿಯೇ ನಿಂತಿರುವುದರಿಂದ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡತಕ್ಕದ್ದಲ್ಲ.

ಕನ್ನಡದ ನಮೂದುಗಳು

ಹಳೆಯ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಸದಸ್ಯರ ಹೆಸರಿನ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹೆಸರು ಅಳಿದಿಲ್ಲ, ಅದಕ್ಕೆ ತೊಡಿಸುವ ಅಂಗಿ ಮಾತ್ರ ಇಲ್ಲ. ಆದುದರಿಂದ ಫಾಂಟಿನ ಫೈಲನ್ನೂ ಅದೇ ಫೋಲ್ಡರಿನಲ್ಲಿ ಜೊತೆಗಿಟ್ಟುಕೊಳ್ಳಿರಿ. ಮುಂದೆ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿಕೊಳ್ಳುವುದು ಶಾಶ್ವತ ಪರಿಹಾರ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದೆ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಡನೆ ಬಂದಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಿ ಡಾಸ್‌ನಲ್ಲಿ ಕನ್ನಡ ಬರೆದವರು ಮಾತ್ರ ಎಚ್ಚರ ವಹಿಸಬೇಕು. ಆ ಕಾರ್ಡು ಎಮ್ಯುಲೇಟರಿನಲ್ಲಿ ಇರುವುದಿಲ್ಲ. ಪರಿವರ್ತನೆ ಮುಗಿಯುವವರೆಗೆ ಅಂಥ ಯಂತ್ರವನ್ನು ಗುಜರಿಗೆ ಹಾಕಬೇಡಿರಿ.

ಫಸಲು ಬೇರೆ, ಬುಟ್ಟಿ ಬೇರೆ

ಇಷ್ಟೆಲ್ಲ ಮಾಡಿದರೂ ಪ್ರೋಗ್ರಾಮು ಬುಟ್ಟಿಯೇ ಹೊರತು ಫಸಲಲ್ಲ. ಫಸಲೆಂದರೆ ಲೆಕ್ಕದ ಫೈಲುಗಳು. ಡಿಬೇಸ್, ಫಾಕ್ಸ್‌ಪ್ರೊಗಳಲ್ಲಿ ಬರೆದ ಪ್ರೋಗ್ರಾಮಾದರೆ ಅವುಗಳ ಹೆಸರಿನ ಕೊನೆಗೆ ಡಿಬಿಎಫ್ ಎಂದಿರುತ್ತದೆ. ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನಲ್ಲಿ ಇವುಗಳನ್ನು ತೆರೆದು ಸಾಲುಸಾಲಾಗಿ ಓದಬಹುದು, ಮುದ್ರಿಸಬಹುದು. ತೆರೆಯುವುದು ನಕಲನ್ನು ಮಾತ್ರ; ಮೂಲವನ್ನಲ್ಲ. ಡಿಬಿಟಿ ಅಥವಾ ಎಫ್‌ಪಿಟಿ ಎಂಬ ಕೊನೆಯುಳ್ಳ ಫೈಲುಗಳಲ್ಲಿ ಉದ್ದನೆಯ ಟಿಪ್ಪಣಿಗಳು ಇರುವುದರಿಂದ ಅವುಗಳನ್ನು ಬೇರ್ಪಡಿಸಬಾರದು. ಫಾಕ್ಸ್‌ಪ್ರೊದ ಕೊನೆಯ ಆವೃತ್ತಿಗೂ ಬೆಂಬಲ ನಿಂತದ್ದು 2015ರ ಜನವರಿಯಲ್ಲಿ. ಅದರಲ್ಲಿ ಬರೆದ ಲೆಕ್ಕ ಇಂದಿಗೂ ಓದಲು ಸಿಗುತ್ತಿರುವುದು ಈ ಸರಳ ಫೈಲಿನ ದೆಸೆಯಿಂದ.

ನನ್ನ ಅಭಿಪ್ರಾಯ ಇಷ್ಟು. ಹೊಸ ಲೆಕ್ಕವನ್ನು ಯಾವುದಾದರೊಂದು ಏಪ್ರಿಲ್ 1ರಿಂದ ಹೊಸ ಪ್ರೋಗ್ರಾಮಿನಲ್ಲಿ ಆರಂಭಿಸುವುದು ಒಳಿತು. ಹಳೆಯದನ್ನು ಬರೆಯುವುದಕ್ಕಲ್ಲದಿದ್ದರೂ ಓದುವುದಕ್ಕಾಗಿ ಜೀವಂತವಾಗಿಡಬೇಕು. ಷೇರು ಮತ್ತು ಸಾಲದ ಬಾಕಿ ಪಟ್ಟಿಯನ್ನು ವರ್ಷಕ್ಕೊಮ್ಮೆ ಕಾಗದದ ಮೇಲೆ ಮುದ್ರಿಸಿ, ಸಹಿ ಮಾಡಿ ಕಡತದಲ್ಲಿಡಬೇಕು. ಕಾಗದವನ್ನು ಓದಲು ಎಮ್ಯುಲೇಟರು ಬೇಡ.

ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿಗೆ ನಮ್ಮ ಸೀಮೆಯಲ್ಲಿ ಪ್ರತಿ ವರ್ಷ ಎಷ್ಟೋ ಯಂತ್ರಗಳು ಸುಟ್ಟುಹೋಗುತ್ತವೆ. ಈ ಅಂಕಣವನ್ನು ಓದಿ ಮುಗಿಸಿದ ಸದಸ್ಯರು ಮೇಲಿನ ಒಂದನೆಯ ಕ್ರಮವನ್ನಾದರೂ ಇಂದೇ ನೆರವೇರಿಸಬೇಕಾಗಿ ವಿನಂತಿ. ಉಳಿದ ಐದನ್ನು ಬಿಡುವಾದಾಗ ಮಾಡಿಕೊಳ್ಳಬಹುದು.

— ಕಾರ್ಯದರ್ಶಿ