ಓಡಿಸಲು ಬಂದರೆ ಸಾಕೆ?

ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವರು ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲನ್ನು ನೋಡಿಯೇ ಇರುತ್ತಾರೆ. ಈಚೆಗೆ ಆ ದಾರಿಯಲ್ಲಿ ನಮ್ಮ ಕಣ್ಣಿಗೆ ಬಿದ್ದುದು ಬೇರೆಯೇ ದೃಶ್ಯ. ನಮ್ಮ ವಿದ್ಯಾರ್ಥಿಯೊಬ್ಬನು ಹಿಂದೆ ಇಬ್ಬರನ್ನು ಕೂರಿಸಿಕೊಂಡು ಮೋಟಾರ್ ಸೈಕಲ್ ಓಡಿಸುತ್ತಿದ್ದನು. ಮರುದಿನ ವಿಚಾರಿಸಲಾಗಿ, “ಗಾಡಿ ಹೊಡ್ಯಾಕ ಬರ್ತದರೀ ಸರ್, ವಯಸ್ಸಷ್ಟೇ ಆಗಿಲ್ಲ. ಸಂಜಿ ಬಸ್ಸು ತಪ್ಪಿದರ ಊರಿಗಿ ಹ್ಯಾಂಗ ಹೋಗಬೇಕ್ರಿ?” ಎಂದನು. ಅವನ ತೊಂದರೆ ಸುಳ್ಳಲ್ಲ. ಆದರೆ ಓಡಿಸಲು ಬರುವುದು ಬೇರೆ, ನಿಲ್ಲಿಸಲು ಬರುವುದು ಬೇರೆ.

ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಅಡ್ಡಬಂದ ಎಮ್ಮೆಯನ್ನು ಕಂಡು ಬ್ರೇಕು ಹಿಡಿಯುವುದರೊಳಗೆ ಒಂದು ಸೆಕೆಂಡು ಕಳೆಯಿತೆನ್ನೋಣ. ಆಗಲೇ 10 ಮೀಟರು ಸಂದಿತು. ಬ್ರೇಕು ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು ತಗ್ಗಿಸುವುದಾದರೆ ಮತ್ತೆ 10 ಮೀಟರು ಬೇಕು. ಒಟ್ಟು 20. ಈಗ ವೇಗವನ್ನು ಇಮ್ಮಡಿ ಮಾಡಿರಿ. ಯೋಚನೆಯ ದೂರ 20 ಮೀಟರಾಯಿತು. ಬ್ರೇಕಿನ ದೂರವಾದರೋ ವೇಗದ ವರ್ಗಕ್ಕೆ ಅನುಗುಣವಾದುದರಿಂದ ನಾಲ್ಮಡಿಯಾಗಿ 40 ಆಯಿತು. ಒಟ್ಟು 60 ಮೀಟರು! ಸುರಪುರ, ಶಹಾಪುರಗಳ ನೀರಾವರಿ ಗದ್ದೆಗಳಿಂದ ಬರುವ ಟ್ರಾಕ್ಟರುಗಳು ರಸ್ತೆಯ ಮೇಲೆ ಎರಿಮಣ್ಣಿನ ಕೆಸರನ್ನು ಉದುರಿಸುತ್ತವೆ. ಅದರ ಮೇಲೆ ಘರ್ಷಣೆ ಅರ್ಧಕ್ಕಿಳಿದರೆ ಬ್ರೇಕಿನ ದೂರವೇ 80 ಮೀಟರು.

ಕಾನೂನು ಪರವಾನಗಿಯನ್ನು ಮೆಟ್ಟಿಲುಮೆಟ್ಟಿಲಾಗಿ ಕೊಡುವುದರ ಮರ್ಮ ಇಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ 16 ತುಂಬಿದವರು ಪೋಷಕರ ಒಪ್ಪಿಗೆಯಿಂದ 50 ಘನ ಸೆಂಟಿಮೀಟರಿಗೆ ಮೀರದ ಎಂಜಿನ್ನಿನ ಬೈಕನ್ನು ಮಾತ್ರ ಓಡಿಸಬಹುದು. ನಮ್ಮೂರ ಸ್ಕೂಟರುಗಳು ಬಹುತೇಕ ಇದಕ್ಕಿಂತ ದೊಡ್ಡವು. ಉಳಿದುದಕ್ಕೆ 18 ತುಂಬಬೇಕು. ಮೊದಲು ದೊರೆಯುವುದು ಆರು ತಿಂಗಳ ಕಲಿಕಾ ಪರವಾನಗಿ. ಗಾಡಿಯ ಮುಂದೆಯೂ ಹಿಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು. ಬೈಕಿನ ಹಿಂದೆ ಕಲಿಸುವವರ ಹೊರತು ಮತ್ತಾರೂ ಕೂರಬಾರದು. ಮೂವತ್ತು ದಿನ ಕಳೆದಲ್ಲದೆ ಚಾಲನೆಯ ಪರೀಕ್ಷೆಯಿಲ್ಲ. ಬಾಡಿಗೆ ವಾಹನಕ್ಕೆ 20 ವರ್ಷವಾಗಬೇಕು.

2019ರ ತಿದ್ದುಪಡಿ ಕಠಿಣವಾದುದು. ಅಪ್ರಾಪ್ತನು ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. ಆದರೆ ಭಯಕ್ಕಿಂತ ಅಭ್ಯಾಸವೇ ಮೇಲೆಂದು ನಮ್ಮ ಅಭಿಪ್ರಾಯ. ನ್ಯೂಜಿಲೆಂಡು 1987ರಲ್ಲಿಯೇ ಕಲಿಕೆಗೂ ಪೂರ್ಣ ಪರವಾನಗಿಗೂ ನಡುವೆ ಇನ್ನೊಂದು ಮೆಟ್ಟಿಲನ್ನು ಇಟ್ಟಿತು: ಆ ಅವಧಿಯಲ್ಲಿ ಹೊಸಬನು ರಾತ್ರಿ ಹತ್ತರ ಮೇಲೆ ಒಬ್ಬನೇ ಓಡಿಸುವಂತಿಲ್ಲ, ಅನುಭವಿಯು ಜೊತೆಗಿಲ್ಲದೆ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನಮ್ಮಲ್ಲಿ ಇಂಥದಿಲ್ಲ.

ಗೆಳೆಯರಿಂದೇನು ಬಾಧಕ ಎಂದು ಆ ಹುಡುಗನೇ ಕೇಳಿದನು. ನಾವು 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಅವನ ಬೆರಳುಗಳ ನಡುವೆ ನೇತುಹಿಡಿದು ಹೇಳದೆ ಬಿಟ್ಟೆವು. ಅವನು 20ರ ಗೆರೆಯಲ್ಲಿ ಹಿಡಿದನು. ಬೀಳುವ ವಸ್ತುವಿನ ಸೂತ್ರದಂತೆ ಅದು ಸೆಕೆಂಡಿನ ಐದರಲ್ಲೊಂದು ಭಾಗ. ಬಳಿಕ ಅದೇ ಇಬ್ಬರು ಗೆಳೆಯರನ್ನು ಹಿಂದೆ ನಿಲ್ಲಿಸಿ ಮಾತಾಡಿಸಲು ಹೇಳಿದೆವು. ಪಟ್ಟಿ ಪೂರ್ತಿ ಜಾರಿ ನೆಲಕ್ಕೆ ಬಿದ್ದಿತು.