ಹೊಸ ಕಂಪ್ಯೂಟರಿಗೆ ಮೊದಲ ತಿದ್ದುಪಡಿ



ನಿಮ್ಮ ಶಾಲೆಗೆ ಹೊಸ ಕಂಪ್ಯೂಟರ್ ಬಂದಿದೆ ಎಂದುಕೊಳ್ಳಿ. ಪೆಟ್ಟಿಗೆ ಬಿಚ್ಚಿ, ತಂತಿಗಳನ್ನು ಜೋಡಿಸಿ, ಇಂಟರ್‌ನೆಟ್ ಕೊಟ್ಟ ಸ್ವಲ್ಪ ಹೊತ್ತಿಗೆ ‘ಅಪ್‌ಡೇಟ್ ಇದೆ’ ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. ಹೊಸದಕ್ಕೆ ಆಗಲೇ ರಿಪೇರಿಯೇ ಎಂದು ನಿಮಗೆ ಅನಿಸಬಹುದು.

ಕೀಲಿಮಣೆ, ಪರದೆ, ಮುದ್ರಕ ಎಲ್ಲವನ್ನೂ ಹೊಂದಿಸಿ ಕೆಲಸ ಮಾಡಿಸುವ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್, ಉಬುಂಟು ಇದಕ್ಕೆ ಉದಾಹರಣೆಗಳು. ಕಾರ್ಖಾನೆಯಲ್ಲಿ ತುಂಬಿದ ದಿನ ಅದು ಹೇಗಿತ್ತೋ ಹಾಗೆಯೇ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಗೋದಾಮು, ಲಾರಿ, ಕಚೇರಿಗಳನ್ನು ದಾಟಿ ಒಡೆಯರಪಾಳ್ಯ ಸೇರುವಷ್ಟರಲ್ಲಿ ತಿಂಗಳುಗಳೇ ಕಳೆದಿರಬಹುದು. ಆ ತಿಂಗಳುಗಳಲ್ಲಿ ಹೊರಗೆ ಏನೇನು ಬದಲಾಯಿತೆಂದು ಅದಕ್ಕೆ ಗೊತ್ತಿಲ್ಲ. ನಮಗೆ ಹೊಸದಾದದ್ದು ಆ ದಿನವೇ ಹಳೆಯದು!

ನಮ್ಮ ರೂಪಾಯಿ ಚಿಹ್ನೆಯನ್ನೇ ನೋಡಿ. ವಿಂಡೋಸ್ 7 ಬಿಡುಗಡೆಯಾದದ್ದು 2009ರ ಅಕ್ಟೋಬರಿನಲ್ಲಿ. ಭಾರತ ಸರ್ಕಾರ ₹ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈ 15ರಂದು. ಇನ್ನೂ ಹುಟ್ಟದ ಅಕ್ಷರವನ್ನು ಆ ತಂತ್ರಾಂಶಕ್ಕೆ ಕಲಿಸುವುದು ಹೇಗೆ? ರಾಗಿ, ಮುಸುಕಿನ ಜೋಳದ ಬೆಲೆಪಟ್ಟಿಯಲ್ಲಿ ಆ ಜಾಗಕ್ಕೆ ಖಾಲಿ ಚೌಕ ಬರುತ್ತಿತ್ತು. 2011ರಲ್ಲಿ ಬಂದ ತಿದ್ದುಪಡಿಯನ್ನು ಹಾಕಿಕೊಂಡ ಮೇಲೆ ₹ ಕಾಣಿಸಿಕೊಂಡಿತು.

ಖಾಲಿ ಚೌಕದಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಆದರೆ ಕೋಟಿಗಟ್ಟಲೆ ಸಾಲುಗಳ ತಂತ್ರಾಂಶದಲ್ಲಿ ಕಳ್ಳಗಂಡಿಗಳೂ ಉಳಿದುಬಿಡುತ್ತವೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಅಂಥದೊಂದು ಗಂಡಿ ಇತ್ತು. ಅದನ್ನು ಮುಚ್ಚುವ ತಿದ್ದುಪಡಿ 2003ರ ಜುಲೈ 16ರಂದು ಬಂತು. ಇಲ್ಲೊಂದು ವಿಚಿತ್ರವಿದೆ: ತೇಪೆ ಎಲ್ಲಿ ಹಾಕಿದ್ದಾರೆಂದು ನೋಡಿದರೆ ತೂತು ಎಲ್ಲಿತ್ತೆಂದು ಕಳ್ಳನಿಗೂ ತಿಳಿಯುತ್ತದೆ! ಆಗಸ್ಟ್ 11ರಂದು ‘ಬ್ಲಾಸ್ಟರ್’ ಎಂಬ ಹುಳು ಅದೇ ಗಂಡಿಯಿಂದ ನುಗ್ಗಿ ಜಗತ್ತಿನಾದ್ಯಂತ ಹರಡಿತು. ಹುಳು ಎಂದರೆ ಜೀವಿಯಲ್ಲ, ತನ್ನಷ್ಟಕ್ಕೆ ತಾನೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನಕಲಾಗುವ ತಂತ್ರಾಂಶ. ಅದು ಹೊಕ್ಕ ಯಂತ್ರ 60 ಸೆಕೆಂಡು ಎಣಿಸಿ ಆರಿಹೋಗುತ್ತಿತ್ತು. ಸಿ.ಡಿ.ಯಿಂದ ಹೊಸದಾಗಿ ಎಕ್ಸ್‌ಪಿ ಹಾಕಿಕೊಂಡವರ ಪಾಡು ಇನ್ನೂ ಕಷ್ಟ. ತಿದ್ದುಪಡಿ ತರಲು ಇಂಟರ್‌ನೆಟ್‌ಗೆ ಸೇರಬೇಕು, ಸೇರಿದ ಕೆಲವೇ ನಿಮಿಷಗಳಲ್ಲಿ ಹುಳು ಒಳಗೆ! ಅದಕ್ಕೆ ಬಲ್ಲವರು ಮೊದಲು ಫೈರ್‌ವಾಲ್ ಎಂಬ ಕಾವಲನ್ನು ಚಾಲೂ ಮಾಡಿ, ಆಮೇಲೆ ಜಾಲಕ್ಕೆ ಸೇರುತ್ತಿದ್ದರು. ಎಕ್ಸ್‌ಪಿಯಲ್ಲಿ ಆ ಕಾವಲು ಮೊದಲಿನಿಂದ ಇದ್ದರೂ ಅದನ್ನು ಆರಿಸಿಟ್ಟೇ ಮಾರುತ್ತಿದ್ದರು. 2004ರ ಆಗಸ್ಟಿನ ಎರಡನೆಯ ಸರ್ವಿಸ್ ಪ್ಯಾಕ್ ಅದನ್ನು ತಾನಾಗಿ ಚಾಲೂ ಆಗುವಂತೆ ಮಾಡಿತು.

ಈಗ ನಮ್ಮ ಕಡೆಯ ತೊಂದರೆ: ಕರೆಂಟು. ಗಿರಣಿ ಓಡುತ್ತಿರುವಾಗ ಬೆಲ್ಟ್ ಬದಲಿಸಲಾಗದು, ಅಲ್ಲವೇ? ಕಂಪ್ಯೂಟರೂ ಹಾಗೆಯೇ. ತಾನು ಬಳಸುತ್ತಿರುವ ಕಡತಗಳನ್ನು ಬದಲಿಸಲು ಅದು ಒಮ್ಮೆ ಮುಚ್ಚಿ ತೆರೆದುಕೊಳ್ಳಬೇಕು. ಆ ನಡುವೆ ಕರೆಂಟು ಹೋದರೆ ಅರ್ಧ ಹಳೆಯದು, ಅರ್ಧ ಹೊಸದು. ಈಗಿನ ವ್ಯವಸ್ಥೆಗಳು ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳುತ್ತವೆ, ಯಾವಾಗಲೂ ಅಲ್ಲ. ಆದ್ದರಿಂದ ಮಳೆಗಾಳಿಯ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ. ಯು.ಪಿ.ಎಸ್. ಇದೆಯೆಂದು ನಿಶ್ಚಿಂತರಾಗಬೇಡಿ, ಬ್ಯಾಟರಿ ಹಳೆಯದಾದರೆ ಅದು ಹೆಚ್ಚು ಹೊತ್ತು ತಾಳದು. ಅಂಕಪಟ್ಟಿ, ನೀವು ಬಿಡಿಸಿದ ಚಿತ್ರಗಳು ಕಂಪ್ಯೂಟರಿನಲ್ಲಿದ್ದರೆ ಮೊದಲೇ ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಮೊದಲ ತಿದ್ದುಪಡಿ ಸಾಮಾನ್ಯವಾಗಿ ದೊಡ್ಡದು. ಮೊಬೈಲಿನಿಂದ ಇಂಟರ್‌ನೆಟ್ ಕೊಟ್ಟರೆ ಗುರುಗಳ ಆ ದಿನದ ಡೇಟಾ ಪೂರ್ತಿ ಮುಗಿಯಬಹುದು, ಮೊದಲೇ ಕೇಳಿಕೊಳ್ಳಿ.

ಯಾವುದೋ ವೆಬ್ ಪುಟದಲ್ಲಿ ‘ಕೂಡಲೇ ಅಪ್‌ಡೇಟ್ ಮಾಡಿ’ ಎಂದು ಮಿನುಗಿದರೆ ಅದನ್ನು ಒತ್ತಬಾರದು. ಸೆಟ್ಟಿಂಗ್ಸ್‌ನೊಳಗಿನ ‘ವಿಂಡೋಸ್ ಅಪ್‌ಡೇಟ್’ ಎಂಬಲ್ಲಿಂದಲೇ ಹೋಗಿ. ವಿಂಡೋಸ್ 10ಕ್ಕೆ ಮಾಮೂಲಿ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ನಿಮ್ಮ ಶಾಲೆಯ ಯಂತ್ರದಲ್ಲಿ ಅದೇ ಇದ್ದರೆ ಗುರುಗಳ ಗಮನಕ್ಕೆ ತನ್ನಿ.

ಮಾಡಿ ನೋಡಿ: 2017ರಲ್ಲಿ ‘ವಾನ್ನಾಕ್ರೈ’ ಎಂಬ ಹುಳು ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದರ ಗಂಡಿ ಮುಚ್ಚುವ ತಿದ್ದುಪಡಿ ಬಂದದ್ದು ಮಾರ್ಚ್ 14, ಹುಳು ಹರಡಿದ್ದು ಮೇ 12. ನಡುವೆ ಎಷ್ಟು ದಿನ? ಬ್ಲಾಸ್ಟರ್‌ಗೆ ಎಷ್ಟು? ನಂತರ ಗುರುಗಳೊಂದಿಗೆ ‘ಅಪ್‌ಡೇಟ್ ಹಿಸ್ಟರಿ’ ತೆರೆದು, ನಿಮ್ಮ ಯಂತ್ರಕ್ಕೆ ಕೊನೆಯ ತಿದ್ದುಪಡಿ ಬಂದು ಎಷ್ಟು ದಿನವಾಯಿತೆಂದು ಎಣಿಸಿ, ಮೂರೂ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ.