ಸೊಳ್ಳೆಯ ಬಲ ನೀರಿನಲ್ಲಿಯೇ

ಹನ್ನೂರ, ಅಕ್ಕಲಕೋಟದ ಕಡೆಗೆ ನೀರಿನ ಕೊರತೆ ಹೊಸದಲ್ಲ. ನೀರು ಸಿಕ್ಕ ದಿನ ಕೊಡ, ಹರವಿ, ಬ್ಯಾರಲ್ಲು, ಟಾಕಿ ಎಲ್ಲವನ್ನೂ ತುಂಬಿಟ್ಟುಕೊಳ್ಳುವದು ನಮ್ಮ ಮನೆಗಳ ವಾಡಿಕೆ. ಆ ನೀರಿನಲ್ಲಿ ತಲೆಕೆಳಗಾಗಿ ನೇತಾಡುತ್ತ, ನೆರಳು ಬಿದ್ದೊಡನೆ ತಳಕ್ಕೆ ಓಡುವ ಹುಳಗಳನ್ನು ಎಲ್ಲರೂ ಕಂಡಿರುತ್ತಾರೆ. ಅವು ಸೊಳ್ಳೆಯ ಮರಿಗಳು. ಮಲೇರಿಯ ಹರಡುವ ಜಾತಿಯ ಮರಿ ಮಾತ್ರ ನೀರಿನ ಮೇಲೆ ಅಡ್ಡಲಾಗಿ ಮಲಗಿರುತ್ತದೆ.

ರೆಕ್ಕೆ ಬಂದ ಮೇಲೆ ಸೊಳ್ಳೆ ಬೆಳೆಯುವದಿಲ್ಲವೆಂಬುದನ್ನು ರೈತ ಬಾಂಧವರು ಲಕ್ಷಿಸಬೇಕು. ಅದರ ಗಾತ್ರವೆಲ್ಲ ಮರಿಯಾಗಿದ್ದಾಗಲೇ ನಿಶ್ಚಯವಾಗುತ್ತದೆ. ಮರಿಯು ನಾಲ್ಕು ಸಲ ಪೊರೆ ಬಿಟ್ಟು ಕೋಶವಾಗುತ್ತದೆ. ಕೋಶವು ಏನನ್ನೂ ತಿನ್ನುವದಿಲ್ಲ. ಬೆಚ್ಚಗಿನ ದಿನಗಳಲ್ಲಿ ತತ್ತಿಯಿಂದ ರೆಕ್ಕೆಯವರೆಗೆ ಎಂಟು-ಹತ್ತು ದಿನ ಸಾಕು. ಬಿಸಿ ಹೆಚ್ಚಿದರೆ ಬೇಗ ಬೆಳೆದು ಗಾತ್ರದಲ್ಲಿ ಕಿರಿದಾಗುತ್ತವೆ.

ಒತ್ತಾಗಿ ಬಿತ್ತಿದ ಜೋಳದ ಹೊಲವನ್ನೇ ನೋಡಿರಿ. ದಂಟು ಸಣಕಲು, ತೆನೆ ಕಿರಿದು. ನಡುನಡುವೆ ಸಸಿ ಕಿತ್ತರೆ ಉಳಿದವು ಹುಲುಸಾಗುತ್ತವೆ. ಸೊಳ್ಳೆಯ ಮರಿಗಳದೂ ಇದೇ ರೀತಿ. ಕಿಕ್ಕಿರಿದ ನೀರಿನಲ್ಲಿ ಅನೇಕ ಮರಿಗಳು ಸಾಯುತ್ತವೆ, ಉಳಿದವು ತಡವಾಗಿ ಬೆಳೆದು ಸಣ್ಣ ಸೊಳ್ಳೆಗಳಾಗುತ್ತವೆ. ತಿನ್ನಲು ಧಾರಾಳವಾಗಿ ಸಿಕ್ಕಲ್ಲಿ ದೊಡ್ಡ ಹೆಣ್ಣು ಸೊಳ್ಳೆ ಹುಟ್ಟುತ್ತದೆ. ಅದು ಹೆಚ್ಚು ತತ್ತಿ ಇಡುತ್ತದೆ, ಸಾಮಾನ್ಯವಾಗಿ ಹೆಚ್ಚು ದಿನ ಬದುಕುತ್ತದೆ.

ಈ ಹೆಚ್ಚಿನ ಆಯುಷ್ಯವೇ ಅಪಾಯದ ಮಾತು. 1897ರಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದದಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಿಯನ್ನು ಕಂಡನು. ಆ ಜೀವಿಯು ಸೊಳ್ಳೆಯಲ್ಲಿ ಬಲಿತು ಇನ್ನೊಬ್ಬರಿಗೆ ದಾಟಲು ಸುಮಾರು ಹತ್ತು ದಿನವಾದರೂ ಬೇಕು. ಅಷ್ಟರೊಳಗೆ ಸತ್ತ ಸೊಳ್ಳೆ ಜ್ವರ ಹರಡಲಾರದು. ಹಾಗೆಂದು ಸಣ್ಣ ಸೊಳ್ಳೆಯನ್ನು ಅಲಕ್ಷಿಸಲಾಗದು. ಮೈಯಲ್ಲಿ ಕಸುವಿಲ್ಲದ್ದರಿಂದ ಅದು ಮೊದಲ ತತ್ತಿಗೆ ಮುಂಚೆ ಎರಡು-ಮೂರು ಸಲ ಕಚ್ಚಬೇಕಾಗಬಹುದು.

ಆದುದರಿಂದ ಜರಡಿಯಿಂದ ಅಷ್ಟಿಷ್ಟು ಮರಿ ಎತ್ತಿ ಚೆಲ್ಲಿ ಸುಮ್ಮನಾಗುವದು ಸಸಿ ಕಿತ್ತು ಬೆಳೆ ಹುಲುಸು ಮಾಡಿದಂತೆಯೇ ಸರಿ! ವಾರಕ್ಕೊಂದು ದಿನ ಗೊತ್ತುಮಾಡಿ ಪಾತ್ರೆಯನ್ನು ಪೂರ್ತಿ ಬರಿದುಮಾಡಬೇಕು. ನೀರು ಚೆಲ್ಲುವದು ನಮ್ಮ ಕಡೆಗೆ ಯಾರಿಗೂ ಮನಸ್ಸು ಬಾರದ ಮಾತು. ದಪ್ಪ ಅರಿವೆಯಲ್ಲಿ ಸೋಸಿ ಬೇರೆ ಕೊಡಕ್ಕೆ ಹಾಕಿ, ಅರಿವೆಯಲ್ಲಿ ಉಳಿದ ಮರಿಗಳನ್ನು ಒಣನೆಲಕ್ಕೆ ಝಾಡಿಸಿದರಾಯಿತು. ಬಳಿಕ ಪಾತ್ರೆಯ ಒಳಮೈಯನ್ನು ತಿಕ್ಕಿ ತೊಳೆಯಬೇಕು. ಡೆಂಗ್ಯೂ ಹರಡುವ ಸೊಳ್ಳೆಯು ನೀರಿನ ಅಂಚಿಗೆ ತತ್ತಿ ಅಂಟಿಸುತ್ತದೆ. ಅವು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದಾಗ ಒಡೆಯುತ್ತವೆ.

ದನದ ದೋಣಿಯಲ್ಲಿ ಬಿದ್ದ ರವದಿ, ಕಣಿಕೆ ಕೊಳೆತರೆ ಮರಿಗಳಿಗೆ ಸುಗ್ಗಿ. ಅದನ್ನು ದಿನಾಲು ಎತ್ತಿಹಾಕಿರಿ.

ಬರಿದುಮಾಡಲಾಗದ ಬಾವಿಗೆ ಮರಿ ತಿನ್ನುವ ಗಪ್ಪಿ ಮೀನು ಒಳ್ಳೆಯ ಉಪಾಯ. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಇದನ್ನು ಬಿಟ್ಟು ಮಲೇರಿಯವನ್ನು ತಗ್ಗಿಸಿದ್ದುಂಟು. ಆದರೆ ಈ ಮೀನನ್ನು ಹಳ್ಳಕ್ಕಾಗಲಿ ಬೋರಿ ಹೊಳೆಗಾಗಲಿ ಬಿಡಬಾರದು. ಅಲ್ಲಿಯ ಸಣ್ಣ ಮೀನುಗಳಿಗೆ ಇದು ಪಿಡುಗಾಗುತ್ತದೆ.